ರಿಪೋರ್ಟ್ ನಾರ್ಮಲ್, ಎದೆ ಮಾತ್ರ ಢವಢವ

ನಾಸಿಕ್ ಊರಿನ ಅಂಚಿನಲ್ಲಿ, ನಂದಿನಿ ಹೊಳೆ ಗೋದಾವರಿಯನ್ನು ಸೇರುವ ಕಡೆ ಟಾಕಳಿ ಎಂಬ ಜಾಗವಿದೆ. ಸಮರ್ಥ ರಾಮದಾಸರು ಎಳೆಯ ವಯಸ್ಸಿನಲ್ಲಿ ಮನೆಬಿಟ್ಟು ಬಂದು ಹನ್ನೆರಡು ವರ್ಷ ತಪಸ್ಸಿಗೆ ನಿಂತದ್ದು ಇಲ್ಲಿ ಎನ್ನುತ್ತಾರೆ. ಅವರು ಹುಟ್ಟಿದ್ದು 1608ರಲ್ಲಿ, ಈಗಿನ ಛತ್ರಪತಿ ಸಂಭಾಜಿನಗರದ ಮಗ್ಗುಲಿಗಿರುವ ಜಾಲ್ನಾ ಜಿಲ್ಲೆಯ ಜಾಂಬ್ ಗ್ರಾಮದಲ್ಲಿ. ಅವರ ‘ದಾಸಬೋಧ’ ಗ್ರಂಥದ ಮೂರನೆಯ ದಶಕದಲ್ಲಿ, ಅಂದರೆ ಮೂರನೆಯ ಭಾಗದಲ್ಲಿ, ತಾಪತ್ರಯಗಳ ವಿವರಣೆ ಬರುತ್ತದೆ. ನಾವು ದಿನಾ ಗೊಣಗುವ ‘ತಾಪತ್ರಯ’ವೇ ಅದು, ಮೂಲದಲ್ಲಿ ಮನುಷ್ಯನನ್ನು ಸುಡುವ ಮೂರು ತಾಪಗಳು. ಅದರಲ್ಲಿ ಮೊದಲನೆಯದನ್ನು ವಿವರಿಸುವಾಗ ರಾಮದಾಸರು ದೇಹಕ್ಕೆ ಬರಬಹುದಾದ ಕಾಯಿಲೆಗಳನ್ನು ಒಂದೊಂದಾಗಿ ಹೆಸರಿಸುತ್ತ ಹೋಗುತ್ತಾರೆ. ಓದುತ್ತ ಕೂತವರ ಕೈ ಅವರಿಗೇ ತಿಳಿಯದಂತೆ ಕುತ್ತಿಗೆ, ಹೊಟ್ಟೆ, ಮೊಣಕಾಲು ತಡವುವುದು ಶುರುವಾದರೆ ಆಶ್ಚರ್ಯವಿಲ್ಲ.

ಈಗ ಆ ಪಟ್ಟಿ ಜೇಬಿನಲ್ಲೇ ಇದೆ. ರಾತ್ರಿ ಎರಡು ಗಂಟೆಗೆ ‘ಎಡಗೈ ಜುಮ್ಮೆನ್ನುವುದು’ ಎಂದು ಮೊಬೈಲಿನಲ್ಲಿ ಒತ್ತಿದರೆ ಸಾಕು, ಸಕ್ಕರೆ ಕಾಯಿಲೆಯಿಂದ ಪಾರ್ಶ್ವವಾಯುವಿನವರೆಗೆ ಎಲ್ಲವೂ ಸಾಲುಗಟ್ಟಿ ನಿಲ್ಲುತ್ತವೆ. ರಾಮದಾಸರು ಆ ಪಟ್ಟಿಯಿಂದ ಓದುಗನನ್ನು ವೈರಾಗ್ಯದ ಕಡೆಗೆ ಕರೆದೊಯ್ಯುತ್ತಾರೆ. ಮೊಬೈಲು ಕರೆದೊಯ್ಯುವುದು ಇನ್ನೊಂದು ಪಟ್ಟಿಗೆ.

ನಾಸಿಕ್ ಹತ್ತಿರದ ಓಝರ್‌ನಲ್ಲಿ 1964ರಲ್ಲಿ ಮಿಗ್ ವಿಮಾನಗಳಿಗಾಗಿ ಎಚ್‌ಎಎಲ್ ಕಾರ್ಖಾನೆ ಕಟ್ಟಿತು. ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರುವುದರಿಂದ ಓಝರ್‌ಗೆ ಕನ್ನಡದ ನಂಟು ಹಳೆಯದು. ಅಲ್ಲಿ ಕೆಲಸ ಮಾಡುವ ನಲವತ್ತರ ಆಸುಪಾಸಿನ ಕನ್ನಡಿಗರೊಬ್ಬರನ್ನು ಊಹಿಸಿಕೊಳ್ಳಿ. ಜೊತೆಗೆ ಓದಿದವನೊಬ್ಬ ಹೃದಯಾಘಾತದಿಂದ ಹೋದ ಸುದ್ದಿ ಊರಿನಿಂದ ಬರುತ್ತದೆ. ಆ ರಾತ್ರಿ ಇವರ ಎದೆ ಒಮ್ಮೆ ಡವ್ ಎಂದು ತಪ್ಪಿ ಹೊಡೆದುಕೊಳ್ಳುತ್ತದೆ. ಬೆಳಗ್ಗೆ ಇಸಿಜಿ, ಮರುದಿನ ಎಕೊ, ವಾರದಲ್ಲಿ ಟ್ರೆಡ್‌ಮಿಲ್ ಪರೀಕ್ಷೆ. ಎಲ್ಲ ನಾರ್ಮಲ್. ವೈದ್ಯರು “ಏನೂ ಇಲ್ಲ, ಆರಾಮಾಗಿರಿ” ಎನ್ನುತ್ತಾರೆ. ಎಂಟು ದಿನ ನಿಜಕ್ಕೂ ಆರಾಮು. ಒಂಬತ್ತನೆಯ ದಿನ, ‘ಪರೀಕ್ಷೆ ಮಾಡಿದಾಗ ಮಾತ್ರ ಸರಿಯಿದ್ದು, ಆಮೇಲೆ ಕೆಟ್ಟಿದ್ದರೆ?’ ಎಂಬ ಯೋಚನೆ ತಲೆ ಹೊಕ್ಕುಬಿಡುತ್ತದೆ. ಸಂಭಾಜಿನಗರದಲ್ಲಿ ಇನ್ನೂ ದೊಡ್ಡ ವೈದ್ಯರಿದ್ದಾರೆಂದು ಯಾರೋ ಹೇಳುತ್ತಾರೆ. ಫೈಲು ಕಂಕುಳಲ್ಲಿ ಇಟ್ಟುಕೊಂಡು ಹತ್ತಿರಹತ್ತಿರ ಇನ್ನೂರು ಕಿಲೋಮೀಟರಿನ ಪ್ರಯಾಣ. ಅಲ್ಲೂ ನಾರ್ಮಲ್. ವಾಪಸು ಬರುವಾಗ ಎದೆಯ ಚಿಂತೆ ಹೋಗಿರುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತಿರುತ್ತದೆ.

ಇದು ಒಬ್ಬರ ಕಥೆಯಲ್ಲ, ಒಂದು ಮಾದರಿ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಹೆಸರಿದೆ, ಚಿಕಿತ್ಸೆಯೂ ಇದೆ.

ಹೆಸರಿನ ಹಾದಿ ಸ್ವಲ್ಪ ಸುತ್ತುಬಳಸಿನದು. ಹಳೆಯ ಗ್ರೀಕರ ‘ಹೈಪೊಕಾಂಡ್ರಿಯ’ ಪಕ್ಕೆಲುಬಿನ ಕೆಳಗಿನ ಭಾಗಕ್ಕೆ ಇದ್ದ ಪದ. ಮನಸ್ಸಿನ ಇಂಥ ಸಂಕಟಗಳು ಅಲ್ಲಿಂದಲೇ ಏಳುತ್ತವೆ ಎಂಬ ನಂಬಿಕೆಯಿಂದ ಕಾಯಿಲೆಗೂ ಆ ಹೆಸರೇ ಅಂಟಿತು. ಕನ್ನಡದಲ್ಲಿ ‘ರೋಗಭ್ರಮೆ’ ಎಂಬ ಮಾತು ಬಳಕೆಯಲ್ಲಿದೆ. ಆದರೆ ಭ್ರಮೆ ಎಂದೊಡನೆ ‘ಇವನದು ನಾಟಕ’ ಎಂಬ ಧ್ವನಿ ಬಂದುಬಿಡುತ್ತದೆ. ಎದೆ ಹೊಡೆದುಕೊಳ್ಳುವುದು, ಬೆವರು, ತಲೆಸುತ್ತು ಯಾವುದೂ ನಾಟಕವಲ್ಲ. ಅವಕ್ಕೆ ಕೊಡುವ ಅರ್ಥ ಮಾತ್ರ ತಪ್ಪಿರುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಹಳೆಯ ಹೆಸರನ್ನು ಕೈಬಿಟ್ಟಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಹಳೆಯ ಹೆಸರಿನ ಪಕ್ಕದಲ್ಲೇ ‘ಆರೋಗ್ಯ ಆತಂಕ’ ಎಂಬ ಹೆಸರನ್ನು ಸೇರಿಸಿ, ಗೀಳು ಕಾಯಿಲೆಗಳ ಗುಂಪಿನಲ್ಲಿ ಇಟ್ಟಿದೆ. ಈ ಜಾಗ ಬದಲಾವಣೆಗೆ ಅರ್ಥವಿದೆ. ಬೀಗ ಹಾಕಿದೆನೋ ಇಲ್ಲವೋ ಎಂದು ಹತ್ತು ಸಲ ಬಾಗಿಲು ಜಗ್ಗಿ ನೋಡುವವರಿಗೂ, ಹತ್ತು ಸಲ ನಾಡಿ ಹಿಡಿದು ನೋಡಿಕೊಳ್ಳುವವರಿಗೂ ಒಳಗಿನ ಯಂತ್ರ ಬಹುಪಾಲು ಒಂದೇ.

ಆ ಯಂತ್ರ ಹೇಗೆ ನಡೆಯುತ್ತದೆಂದು ಇಲ್ಲೇ ಪರೀಕ್ಷಿಸಬಹುದು. ಈ ಸಾಲು ಓದುತ್ತಿರುವಾಗ ನಿಮ್ಮ ನಾಲಿಗೆ ಬಾಯಿಯಲ್ಲಿ ಎಲ್ಲಿ ಒರಗಿದೆ ಎಂದು ಗಮನಿಸಿ. ಅರ್ಧ ನಿಮಿಷದ ಹಿಂದೆ ನಾಲಿಗೆಯ ನೆನಪೇ ಇರಲಿಲ್ಲ. ಈಗ ಅದು ಬಾಯಿಗೆ ದೊಡ್ಡದೆನಿಸುತ್ತಿರಬಹುದು. ಗಮನ ಬಿದ್ದ ಕಡೆ ಸಂವೇದನೆ ದಪ್ಪಗಾಗುತ್ತದೆ. ಇದರ ಜೊತೆಗೆ ಭಯ ಸೇರಿದರೆ ಅಡ್ರಿನಲಿನ್ ರಕ್ತಕ್ಕೆ ಇಳಿದು ನಿಜವಾಗಿಯೂ ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲಾಗುತ್ತದೆ, ಹಾಗೆ ಉಸಿರಾಡಿದ್ದರಿಂದ ಬೆರಳ ತುದಿ ಜುಮ್ಮೆನ್ನುತ್ತದೆ. ಭಯದಿಂದ ಹುಟ್ಟಿದ ಲಕ್ಷಣವೇ ಭಯಕ್ಕೆ ಸಾಕ್ಷಿ ಹೇಳುತ್ತದೆ. ಆರೋಗ್ಯವಂತರ ಹೃದಯವೂ ದಿನದಲ್ಲಿ ಆಗೊಮ್ಮೆ ಈಗೊಮ್ಮೆ ಹೆಚ್ಚುವರಿ ಬಡಿತ ಹಾಕುವುದು ಸಾಮಾನ್ಯ. ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ, ಕಿವಿಗೊಟ್ಟು ಕೂತವರಿಗೆ ಗುಡುಗಿನಂತೆ ಕೇಳುತ್ತದೆ. ಕುತ್ತಿಗೆಯ ಸಣ್ಣ ಗ್ರಂಥಿಯನ್ನು ದಿನಕ್ಕೆ ಇಪ್ಪತ್ತು ಸಲ ಒತ್ತಿ ನೋಡಿದರೆ ಅದು ನೋಯುತ್ತದೆ, ಆ ನೋವೇ ಹೊಸ ಪುರಾವೆಯಾಗುತ್ತದೆ.

ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇಂಥದ್ದನ್ನು ಕಂಡ ವೈದ್ಯ ಜೇಕಬ್ ಡ ಕೋಸ್ಟ 1871ರಲ್ಲಿ ಅದನ್ನು ವರದಿ ಮಾಡಿದ. ಎದೆನೋವು, ಬಡಿತ, ಏದುಸಿರು ಎಲ್ಲ ಇದ್ದೂ ಹೃದಯದಲ್ಲಿ ದೋಷ ಸಿಗದ ಆ ಸ್ಥಿತಿಗೆ ‘ಸೈನಿಕನ ಹೃದಯ’ ಎಂದೇ ಹೆಸರಾಯಿತು. ತಿಳಿದವರಿಗೂ ಇದರಿಂದ ವಿನಾಯಿತಿಯಿಲ್ಲ. ನಾಸಿಕ್‌ನಲ್ಲಿ 1998ರಿಂದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯವಿದೆ; ರಾಜ್ಯದ ಹಲವು ವೈದ್ಯಕೀಯ ಕಾಲೇಜುಗಳು ಅದರಡಿ ಬರುತ್ತವೆ. ಅಂಥ ಕಾಲೇಜುಗಳಲ್ಲಿ ಓದುವ ಹುಡುಗ ಹುಡುಗಿಯರು ಯಾವ ಅಧ್ಯಾಯ ನಡೆಯುತ್ತಿದೆಯೋ ಆ ಕಾಯಿಲೆ ತಮಗೇ ಬಂದಂತೆ ಬೆದರುವುದು ಎಷ್ಟು ಸಾಮಾನ್ಯವೆಂದರೆ, ‘ವೈದ್ಯ ವಿದ್ಯಾರ್ಥಿಗಳ ರೋಗ’ ಎಂಬ ಹೆಸರಿನಲ್ಲೇ 1966ರಲ್ಲಿ ಅಮೆರಿಕದಲ್ಲಿ ಅಧ್ಯಯನ ಪ್ರಕಟವಾಗಿದೆ. ಇಂಗ್ಲಿಷ್ ಲೇಖಕ ಜೆರೋಮ್ ಕೆ. ಜೆರೋಮ್ 1889ರಲ್ಲೇ ಇದನ್ನು ನಗೆಯಾಗಿಸಿದ್ದ. ಅವನ ದೋಣಿಯಾನದ ಕಥಾನಾಯಕ ಗ್ರಂಥಾಲಯದಲ್ಲಿ ವೈದ್ಯಕೀಯ ಪುಸ್ತಕ ತಿರುವಿ, ಒಂದು ಮೊಣಕಾಲು ಬೇನೆ ಬಿಟ್ಟು ಉಳಿದೆಲ್ಲ ರೋಗವೂ ತನಗಿದೆ ಎಂದು ತೀರ್ಮಾನಿಸಿ ಹೊರಬರುತ್ತಾನೆ. ಮೈಕ್ರೋಸಾಫ್ಟ್ ಸಂಶೋಧಕರಾದ ರೈಯನ್ ವೈಟ್ ಮತ್ತು ಎರಿಕ್ ಹಾರ್ವಿಟ್ಜ್ 2008ರಲ್ಲಿ ಇಂಟರ್ನೆಟ್ ಹುಡುಕಾಟಗಳನ್ನು ಪರಿಶೀಲಿಸಿದಾಗ ಕಂಡದ್ದೂ ಹೆಚ್ಚುಕಡಿಮೆ ಅದೇ: ಮಾಮೂಲಿ ತಲೆನೋವಿನಿಂದ ಶುರುವಾದ ಹುಡುಕಾಟ ಮೆಟ್ಟಿಲು ಹತ್ತಿದಂತೆ ಮಿದುಳಿನ ಗೆಡ್ಡೆಯಂಥ ಅಪರೂಪದ ರೋಗಕ್ಕೆ ಏರುತ್ತದೆ.

ಒಬ್ಬರ ಮನಸ್ಸಿನಲ್ಲಿ ನಡೆಯುವುದು ಕೆಲವೊಮ್ಮೆ ಇಡೀ ಸೀಮೆಗೆ ಹಿಡಿಯುತ್ತದೆ. 1994ರ ಆಗಸ್ಟ್‌ನಲ್ಲಿ ಸಂಭಾಜಿನಗರಕ್ಕೆ ದಕ್ಷಿಣದ ಬೀಡ್ ಜಿಲ್ಲೆಯ ಮಾಮ್ಲಾ ಗ್ರಾಮದಲ್ಲಿ ಗಡ್ಡೆ ಪ್ಲೇಗ್ ಕಾಣಿಸಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಗುಜರಾತಿನ ಸೂರತ್‌ನಲ್ಲಿ ಶ್ವಾಸಕೋಶದ ಪ್ಲೇಗ್ ಸುದ್ದಿ ಹಬ್ಬಿತು. ಲಕ್ಷಾಂತರ ಜನ ಸೂರತ್ ಬಿಟ್ಟು ಓಡಿದರು. ದೇಶದ ಹಲವು ಊರುಗಳ ಔಷಧ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ಖಾಲಿಯಾಯಿತು. ಕೆಮ್ಮಿಲ್ಲದವರೂ ಮುನ್ನೆಚ್ಚರಿಕೆಗೆಂದು ನುಂಗಿದರು. ಸತ್ತವರ ಸಂಖ್ಯೆ ಐವತ್ತರ ಆಸುಪಾಸಿನಲ್ಲಿ ನಿಂತಿತು. ಆದರೆ ಆ ವಾರಗಳಲ್ಲಿ ಕಂಕುಳು ತಡವಿಕೊಂಡು ಗಡ್ಡೆ ಹುಡುಕಿದವರ ಲೆಕ್ಕ ಇಟ್ಟವರಿಲ್ಲ.

ಕನ್ನಡ ನಾಡಿನ ಅನುಭವ ಇನ್ನೂ ಹಸಿಯಾಗಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ, ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆ ಕೇಳಿಕೊಂಡು ಬರುವವರ ಸಂಖ್ಯೆ ಏರಿತು. ಅಂದಿನ ನಿರ್ದೇಶಕ ಡಾ. ಸಿ.ಎನ್. ಮಂಜುನಾಥ್ ಗಾಬರಿಯಾಗಬೇಡಿ ಎಂದು ಕೇಳಿಕೊಳ್ಳಬೇಕಾಯಿತು. 2025ರ ಜೂನ್ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ದಿನದಿನವೂ ಎಣಿಕೆಯ ಸಮೇತ ಬಂತು. ಜುಲೈನಲ್ಲಿ ಮೈಸೂರಿನ ಜಯದೇವದ ಮುಂದೆ ಬೆಳಕು ಹರಿಯುವ ಮೊದಲೇ ಜನ ಸಾಲುಗಟ್ಟಿದರು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಹಿಂದಿಗಿಂತ ಅಸಹಜ ಏರಿಕೆ ಕಾಣುತ್ತಿಲ್ಲ ಎಂದು ವರದಿ ಕೊಟ್ಟಿತು. ಸಾವುಗಳು ನಿಜ, ಮನೆಗಳ ದುಃಖ ನಿಜ. ಅವನ್ನು ಒಂದೇ ಪಟ್ಟಿಯಲ್ಲಿ ಎಣಿಸುತ್ತ ಹೋದದ್ದರಿಂದ ಹೊಸ ರೋಗವೇ ಬಂದಿದೆ ಎಂಬ ಭಾವನೆ ಹುಟ್ಟಿತು. ಆ ಸಾಲಿನಲ್ಲಿ ಆರೋಗ್ಯವಂತರು ಮುಂದೆ ನಿಂತು, ನಿಜವಾದ ಹೃದ್ರೋಗಿ ಹಿಂದೆ ಕಾಯುವ ವಿಪರ್ಯಾಸವೂ ಸೇರಿತ್ತು.

ಇಂಥ ಸಾರ್ವಜನಿಕ ಗಾಬರಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆರೋಗ್ಯ ಆತಂಕ ಬೇರೂರಿದವರಲ್ಲಿ ಇಳಿಯುವುದಿಲ್ಲ. ಆರು ತಿಂಗಳಿಗೂ ಮೀರಿ, ಪರೀಕ್ಷೆಗಳು ಸರಿಯಿದ್ದರೂ, ಕೆಲಸ, ನಿದ್ದೆ, ಸಂಸಾರ ಕೆಡುವಷ್ಟು ಅದೇ ಭಯ ಕಾಡಿದರೆ ವೈದ್ಯರು ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿ ಎಂದು ಪರಿಗಣಿಸುತ್ತಾರೆ.

ಇಲ್ಲಿ ಸಾಮಾನ್ಯ ಬುದ್ಧಿಗೆ ಒಗ್ಗದ ಮಾತೊಂದಿದೆ. ಭಯವಿದ್ದರೆ ಪರೀಕ್ಷೆ ಮಾಡಿಸಿ, ಸರಿಯಿದೆ ಎಂದು ಗೊತ್ತಾದರೆ ಭಯ ಹೋಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಮೊದಲ ಸಲ ಅದು ಸರಿ. ಐದನೆಯ ಸಲ ಸರಿಯಲ್ಲ. ಪ್ರತಿ ‘ನಾರ್ಮಲ್’ ರಿಪೋರ್ಟು ಕಜ್ಜಿ ತುರಿಸಿಕೊಂಡಂತೆ: ಆ ಕ್ಷಣಕ್ಕೆ ಹಾಯೆನಿಸಿ, ಮರುಕ್ಷಣ ತುರಿಕೆ ಹೆಚ್ಚುತ್ತದೆ. ಭಯ ಬಂದಾಗ ಭರವಸೆ ಕೇಳಬೇಕು ಎಂಬ ಪಾಠ ಮನಸ್ಸಿಗೆ ಗಟ್ಟಿಯಾಗುತ್ತದೆ. ‘ಫುಲ್ ಬಾಡಿ ಚೆಕಪ್’ ಪ್ಯಾಕೇಜುಗಳೂ ಇದಕ್ಕೆ ಮದ್ದಲ್ಲ. ಯಾವ ತೊಂದರೆಯೂ ಇಲ್ಲದ ವಯಸ್ಕರಿಗೆ ಮಾಡುವ ಸಾರಾಸಗಟು ತಪಾಸಣೆಗಳ ಬಗ್ಗೆ 17 ಪ್ರಯೋಗಗಳನ್ನು, ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಕೊಕ್ರೇನ್ ಸಂಸ್ಥೆ ಒಟ್ಟುಗೂಡಿಸಿ 2019ರಲ್ಲಿ ವಿಮರ್ಶೆ ಪ್ರಕಟಿಸಿತು. ಅವುಗಳಿಂದ ಸಾವಿನ ಪ್ರಮಾಣ ಕಡಿಮೆಯಾದದ್ದು ಕಾಣಲಿಲ್ಲ. ಬಿಪಿ, ಸಕ್ಕರೆ, ವಯಸ್ಸಿಗೆ ತಕ್ಕ ಕ್ಯಾನ್ಸರ್ ತಪಾಸಣೆ ಬೇಕು. ನಲವತ್ತು ಪುಟದ ವರದಿಯಲ್ಲಿ ಕೆಂಪು ಅಕ್ಷರದ ಒಂದು ಅಂಕಿ ಹಿಡಿದು ಮೂರು ತಿಂಗಳು ನಿದ್ದೆಗೆಡುವುದು ಬೇಕಿಲ್ಲ.

ಮನೆಯವರೂ ಅರಿಯದೆ ಈ ಚಕ್ರಕ್ಕೆ ಕೈಜೋಡಿಸುತ್ತಾರೆ. “ನೋಡೇ, ಇಲ್ಲಿ ಗಡ್ಡೆ ಥರ ಇದೆಯಾ?” ಎಂದು ಗಂಡ ಕೇಳುತ್ತಾನೆ. “ನಿನ್ನೆಯೂ ನೋಡಿದ್ನಲ್ಲ ರೀ, ಏನಿಲ್ಲ” ಎಂದು ಹೆಂಡತಿ ಇನ್ನೊಮ್ಮೆ ಮುಟ್ಟಿ ನೋಡುತ್ತಾಳೆ. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ. ಆದರೆ ನಾಳೆ ಅವನು ಮತ್ತೆ ಕೇಳುತ್ತಾನೆ. ಒಂದು ದಿನ ಅವಳ ತಾಳ್ಮೆ ತಪ್ಪಿ “ನಿಮಗೆ ಹುಚ್ಚು” ಎನ್ನುತ್ತಾಳೆ. ಎರಡೂ ಉತ್ತರ ಕೆಲಸ ಮಾಡುವುದಿಲ್ಲ. ಚಿಕಿತ್ಸಕರು ಮನೆಯವರಿಗೆ ಹೇಳಿಕೊಡುವುದು ಮೂರನೆಯದೊಂದು ಉತ್ತರ: “ಭಯ ಆಗ್ತಿದೆ ಅಂತ ಗೊತ್ತು. ನೋಡಬಾರದು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವಲ್ಲ. ಬನ್ನಿ, ಒಂದು ಸುತ್ತು ನಡೆದು ಬರೋಣ.”

ಚಿಕಿತ್ಸೆಯ ತಿರುಳೂ ಇದೇ. ‘ನನಗೆ ರೋಗವಿಲ್ಲ’ ಎಂಬ ಖಾತ್ರಿ ಕೊಡುವ ಗೋಜಿಗೆ ಅದು ಹೋಗುವುದಿಲ್ಲ. ಖಾತ್ರಿ ಯಾರಿಗೂ ಇಲ್ಲ. ಆ ಅನಿಶ್ಚಯದ ಜೊತೆ ಬಾಳುವುದನ್ನು ಮನಸ್ಸಿಗೆ ಅಭ್ಯಾಸ ಮಾಡಿಸುತ್ತದೆ. ಈ ಬಗೆಯ ಚಿಂತನೆಗೆ ಮಹಾರಾಷ್ಟ್ರದಲ್ಲಿ ಗಟ್ಟಿ ನೆಲೆಯಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲಿಸ್ 1955ರಲ್ಲಿ ರೂಪಿಸಿದ ವಿವೇಕ ಚಿಕಿತ್ಸಾ ಪದ್ಧತಿಯನ್ನು ಅಲ್ಲಿ ಬೆಳೆಸಿದವರು ಕಿ.ಮೊ. ಫಡ್ಕೆ, ಎಲಿಸ್ ಜೊತೆ ಅವರ ಪತ್ರವ್ಯವಹಾರ ದಶಕಗಳ ಕಾಲ ನಡೆಯಿತು. ಡಾ. ಆನಂದ ನಾಡಕರ್ಣಿ 1990ರಲ್ಲಿ ಠಾಣೆ ನಗರದಲ್ಲಿ ಸ್ಥಾಪಿಸಿದ ಮಾನಸಿಕ ಆರೋಗ್ಯ ಸಂಸ್ಥೆ ಅದನ್ನು ಮನೆಮಾತಿನ ಮರಾಠಿಗೆ ತಂದಿತು. ಅಂಜಲಿ ಜೋಶಿ ಎಲಿಸ್ ಬದುಕನ್ನೇ ಮರಾಠಿ ಕಾದಂಬರಿಯಾಗಿಸಿದರು. ಎಲಿಸ್ ಹೇಳಿದ್ದು ಸರಳ: ಘಟನೆ ಒಂದು, ಪರಿಣಾಮ ಒಂದು, ನಡುವೆ ನಮ್ಮ ನಂಬಿಕೆ ಇದೆ. ಎದೆ ಒಮ್ಮೆ ತಪ್ಪಿ ಹೊಡೆದುಕೊಂಡದ್ದು ಘಟನೆ. ರಾತ್ರಿಯೆಲ್ಲ ಎಚ್ಚರವಿದ್ದದ್ದು ಪರಿಣಾಮ. ‘ಪೂರಾ ಖಾತ್ರಿ ಇಲ್ಲದಿದ್ದರೆ ನಾನು ನೆಮ್ಮದಿಯಿಂದ ಇರಲಾರೆ’ ಎಂಬುದು ನಡುವಿನ ನಂಬಿಕೆ. ಕೈ ಹಾಕಬೇಕಾದ್ದು ಅಲ್ಲಿ.

ಕನ್ನಡದಲ್ಲೂ ಈ ಪರಂಪರೆ ಬಡವಾಗಿಲ್ಲ. ಹಾಸ್ಯಪತ್ರಿಕೆ ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ನಗಿಸುತ್ತಲೇ ರೋಗಿಗಳ ಮನಸ್ಸನ್ನೂ ಓದಿದವರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಇಂಥ ಭಯಗಳ ಬಗ್ಗೆ ಸಾಮಾನ್ಯರ ಭಾಷೆಯಲ್ಲಿ ಬರೆದ ಪುಸ್ತಕಗಳು ಹಳ್ಳಿಯ ಗ್ರಂಥಾಲಯಗಳನ್ನೂ ಮುಟ್ಟಿವೆ.

ನಂಬಿಕೆಗೇ ಕೈ ಹಾಕುವ ಇಂಥ ಚಿಕಿತ್ಸೆ ಫಲ ಕೊಡುತ್ತದೆಯೇ? ಬ್ರಿಟನ್ನಿನಲ್ಲಿ ಪೀಟರ್ ಟೈರರ್ ತಂಡ ಹೃದಯ, ನರ, ಜಠರ ಮುಂತಾದ ವಿಭಾಗಗಳಿಗೆ ಬಂದ ಸುಮಾರು 29,000 ರೋಗಿಗಳನ್ನು ಪ್ರಶ್ನಿಸಿ, ತೀವ್ರ ಆರೋಗ್ಯ ಆತಂಕವಿದ್ದ 444 ಮಂದಿಯನ್ನು ಪ್ರಯೋಗಕ್ಕೆ ಆಯ್ದುಕೊಂಡಿತು. ಅರ್ಧದಷ್ಟು ಜನರಿಗೆ ಅರಿವು–ವರ್ತನೆ ಚಿಕಿತ್ಸೆ, ಅಂದರೆ ಸಿಬಿಟಿ ಕೊಡಲಾಯಿತು. ಒಂದು ವರ್ಷದ ಬಳಿಕ ಆತಂಕ ಸಾಮಾನ್ಯ ಮಟ್ಟಕ್ಕೆ ಇಳಿದವರು ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ 14, ಪಡೆಯದವರಲ್ಲಿ ಶೇ 7. ಮಾಯಾಜಾಲದ ಅಂಕಿಯಲ್ಲ, ಆದರೆ ಉಳಿದವರಲ್ಲೂ ಆತಂಕ ಇಳಿದಿತ್ತು, ಪರಿಣಾಮ ವರ್ಷಗಟ್ಟಲೆ ಉಳಿಯಿತು. ಚಿಕಿತ್ಸೆ ಕೊಟ್ಟವರಲ್ಲಿ ದೊಡ್ಡ ತಜ್ಞರಲ್ಲದ, ತರಬೇತಿ ಪಡೆದ ನರ್ಸ್‌ಗಳೂ ಇದ್ದರು. ನಮ್ಮ ಜಿಲ್ಲಾಸ್ಪತ್ರೆಗಳಿಗೆ ಇದು ಆಶೆ ಹುಟ್ಟಿಸುವ ಸಂಗತಿ. ಅಗತ್ಯವಿದ್ದವರಿಗೆ ಮನೋವೈದ್ಯರು ಔಷಧವನ್ನೂ ಕೊಡುತ್ತಾರೆ.

ಆತಂಕವನ್ನು ಕಡೆಗಣಿಸುವುದು ಒಳ್ಳೆಯದಲ್ಲ ಎಂಬುದಕ್ಕೂ ಆಧಾರವಿದೆ. ಸ್ವೀಡನ್ನಿನಲ್ಲಿ ಈ ಕಾಯಿಲೆಯ ನಿದಾನವಾಗಿದ್ದ 4,129 ಜನರನ್ನು ಅದೇ ವಯಸ್ಸಿನ ಇತರರ ಜೊತೆ ಹೋಲಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾವಿಗೆ ಹೆದರುತ್ತಿದ್ದವರೇ ಸರಾಸರಿ ಐದು ವರ್ಷ ಮುಂಚೆ ಸತ್ತಿದ್ದರು. ಆತ್ಮಹತ್ಯೆಯ ಅಪಾಯ ಹಲವು ಪಟ್ಟು ಹೆಚ್ಚಿತ್ತು. ಇದನ್ನು ಓದಿ ಹೊಸದೊಂದು ಭಯ ಹಚ್ಚಿಕೊಳ್ಳಬೇಕಿಲ್ಲ. ‘ಏನಿಲ್ಲ ಬಿಡು’ ಎಂದು ತಳ್ಳಿಹಾಕಿದವರನ್ನು ಯಾರೂ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಅನುಮಾನವನ್ನು ಆ ಅಂಕಿ ಎತ್ತುತ್ತದೆ.

ಮನೆಯಲ್ಲೇ ಶುರುಮಾಡಬಹುದಾದ ಕೆಲಸಗಳಿವೆ. ಎಲ್ಲ ಫೈಲನ್ನೂ ಒಬ್ಬರೇ ವೈದ್ಯರ ಕೈಗೆ ಕೊಟ್ಟು, ಭಯ ಬಂದಾಗಲೆಲ್ಲ ಓಡುವ ಬದಲು ಅವರು ಹೇಳಿದ ದಿನಕ್ಕೆ ಮಾತ್ರ ಹೋಗುವುದು. ನಾಡಿ, ಬಿಪಿ, ಗಂಟಲು ದಿನಕ್ಕೆ ಎಷ್ಟು ಸಲ ನೋಡಿಕೊಳ್ಳುತ್ತೇವೆಂದು ಒಂದು ವಾರ ಗೀಟು ಹಾಕಿ ಎಣಿಸುವುದು. ಎಣಿಕೆಯೇ ಹಲವರನ್ನು ಬೆಚ್ಚಿಬೀಳಿಸುತ್ತದೆ. ಆಮೇಲೆ ಪ್ರತಿ ಸಲದ ತಪಾಸಣೆಯನ್ನು ಹತ್ತು ನಿಮಿಷ, ಅರ್ಧ ಗಂಟೆ ಮುಂದೂಡುವುದು. ಭಯ ಅಲೆಯಂತೆ ಏರಿ, ಏನೂ ಮಾಡದಿದ್ದರೂ ತಾನೇ ಇಳಿಯುವುದನ್ನು ದೇಹ ಹೀಗೆ ಕಲಿಯುತ್ತದೆ. ರಾತ್ರಿ ಮೊಬೈಲಿನಲ್ಲಿ ಲಕ್ಷಣ ಹುಡುಕುವುದನ್ನು ಪೂರ್ತಿ ಬಿಡುವುದು. ಭಯದಿಂದ ನಿಲ್ಲಿಸಿದ ನಡಿಗೆ, ಮೆಟ್ಟಿಲು, ಮದುವೆ ಮನೆಯ ಓಡಾಟ ಮತ್ತೆ ಶುರುಮಾಡುವುದು.

ಆತಂಕವಿದ್ದವರಿಗೆ ನಿಜವಾದ ರೋಗ ಬರುವುದಿಲ್ಲವೆಂದೇನಿಲ್ಲ. ಎದೆಯ ನಡುವೆ ಕಲ್ಲು ಹೇರಿದಂಥ ಒತ್ತಡ ಹತ್ತು ಹದಿನೈದು ನಿಮಿಷಕ್ಕೂ ಇಳಿಯದೆ, ಎಡಗೈ ಅಥವಾ ದವಡೆಗೆ ಹರಡಿ, ತಣ್ಣನೆ ಬೆವರು ಕಿತ್ತುಕೊಂಡು ಬಂದರೆ ಯೋಚಿಸದೆ 108ಕ್ಕೆ ಕರೆ ಮಾಡಬೇಕು. ತಾನೇ ಕರಗದ ಗಂಟು, ಕಾರಣವಿಲ್ಲದೆ ತೂಕ ಇಳಿಯುವುದು, ಕಫದಲ್ಲೋ ಮಲದಲ್ಲೋ ರಕ್ತ ಕಂಡರೆ ವೈದ್ಯರಿಗೆ ತೋರಿಸಲೇಬೇಕು. ತೋರಿಸಿ, ಉತ್ತರ ಸಿಕ್ಕ ಮೇಲೂ ಅದೇ ಪ್ರಶ್ನೆಗೆ ಐದನೆಯ ವೈದ್ಯರನ್ನು ಹುಡುಕುತ್ತಿದ್ದೇವೆಂದರೆ ಹೋಗಬೇಕಾದ ಬಾಗಿಲು ಬೇರೆ.

ಆ ಬಾಗಿಲು ದೂರವಿಲ್ಲ. ಸಂಭಾಜಿನಗರದಲ್ಲಿ ಜನ ‘ಘಾಟಿ’ ಎಂದು ಕರೆಯುವ, 1956ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಜಿಲ್ಲಾಸ್ಪತ್ರೆಗಳಿಗೆ ಮನೋವೈದ್ಯರ ಸೇವೆಯನ್ನು ತಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 1996ರಲ್ಲಿ ಆರಂಭಿಸಿತು. ಅದಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಮನೆಯಿಂದ ಹೊರಡಲು ಸಂಕೋಚವಿದ್ದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ, ದುಡ್ಡಿಲ್ಲದೆ, ಮರಾಠಿ ಮತ್ತು ಕನ್ನಡವೂ ಸೇರಿ 20 ಭಾಷೆಗಳಲ್ಲಿ ಸೇವೆ ಸಿಗುತ್ತದೆ. ರಾತ್ರಿ ಎರಡು ಗಂಟೆಗೆ ಕೈ ಮೊಬೈಲಿನ ಕಡೆ ಹೋಗುವುದೇ ಆದರೆ, ರೋಗದ ಹೆಸರು ಟೈಪು ಮಾಡುವ ಬದಲು ಈ ಐದು ಅಂಕಿ ಒತ್ತಿ.